ಊಟದ ಮೇಜಿನ ಮೇಲೆ ಹಾಕಿದ ಸಹಿ

ನಾನು ಪೆಥಾಲಜಿಸ್ಟ್, ಅಂದರೆ ರೋಗಿಯ ಮುಖ ನೋಡದ ಡಾಕ್ಟರು. ರೋಗಿಯ ದೇಹದಿಂದ ತೆಗೆದ ಚೂರೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತದೆ. ಅದನ್ನು ಅಳೆದು, ಕತ್ತರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ವರದಿ ಬರೆಯುತ್ತೇನೆ. ಡಬ್ಬಿ ಎದುರು ಮಾತಾಡುವುದಿಲ್ಲ, ಅಪಾಯಿಂಟ್‌ಮೆಂಟಿಗೆ ತಡವಾಗಿ ಬರುವುದಿಲ್ಲ, ಗೂಗಲ್‌ನಲ್ಲಿ ಓದಿಕೊಂಡು ಬಂದು ನನ್ನನ್ನು ಪರೀಕ್ಷೆ ಮಾಡುವುದಿಲ್ಲ. ಇಪ್ಪತ್ತೆರಡು ವರ್ಷ ಈ ಸುಖ ಅನುಭವಿಸಿದ ಮೇಲೆ, ಸ್ಟೆತಸ್ಕೋಪ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಬೇಸ್‌ಮೆಂಟಿನಲ್ಲಿ ದಸರಾ ಗೊಂಬೆಗಳ ಪೆಟ್ಟಿಗೆಯ ಹತ್ತಿರ ಹುಡುಕಬೇಕಿತ್ತು. ಮುಂದೆ ಹೇಳುವುದೆಲ್ಲ ಇದರಿಂದಲೇ ಆದದ್ದು, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ಈಗ ಚೆನ್ನಾಗಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯ ಕಥೆ ಓದುವಾಗ ಬರೆದವರು ಕೊನೆಗೆ ಉಳಿದರೋ ಇಲ್ಲವೋ ಎಂದು ನಾನು ಕೊನೆಯ ಪುಟ ತಿರುಗಿಸಿ ನೋಡುವವಳು. ನಿಮಗೆ ಆ ತೊಂದರೆ ಬೇಡ.

ಶಿಕಾಗೋದಿಂದ ಪಶ್ಚಿಮಕ್ಕೆ ನಲವತ್ತು ಮೈಲಿ ದೂರದ ಅರೋರಾದಲ್ಲಿ ನಮ್ಮ ಮನೆ. ನಮ್ಮ ಜೊತೆ ಬಂದವರಲ್ಲಿ ಹೆಚ್ಚಿನವರು ಮಕ್ಕಳು ದೊಡ್ಡವರಾಗುತ್ತಿದ್ದಂತೆ ಒಳ್ಳೆಯ ರೇಟಿಂಗಿನ ಶಾಲೆ ಹುಡುಕಿಕೊಂಡು ಹೊಸ ಸಬ್‌ಡಿವಿಷನ್‌ಗಳಿಗೆ ಹೋದರು. ನಮ್ಮವರು, ಅಂದರೆ ಮುರಳಿ, ಗರಾಜು ಖಾಲಿ ಮಾಡಲು ಹೆದರಿ ಮನೆ ಬದಲಿಸಲಿಲ್ಲ. ಹೀಗಾಗಿ ಮಗಳು ಚಾರ್ವಿ ಊರೊಳಗಿನ ಹಳೆಯ ಇಟ್ಟಿಗೆ ಕಟ್ಟಡದ ಸರ್ಕಾರಿ ಹೈಸ್ಕೂಲಿಗೇ ಸೇರಿದಳು. ಅಲ್ಲಿಯ ಕಾರಿಡಾರಿನಲ್ಲಿ ಇಂಗ್ಲಿಷಿಗಿಂತ ಹೆಚ್ಚು ಸ್ಪ್ಯಾನಿಷ್ ಕೇಳಿಸುತ್ತದೆ. ಜಿಮ್‌ನಲ್ಲಿ ನೆಲದ ಪಾಲಿಶ್ ಮತ್ತು ಪಾಪ್‌ಕಾರ್ನ್ ವಾಸನೆ ವರ್ಷವಿಡೀ ಇರುತ್ತದೆ. ನಮ್ಮ ಜನ ‘ಆ ಶಾಲೆನಾ?’ ಎಂದು ಹುಬ್ಬೇರಿಸುತ್ತಿದ್ದರು. ಚಾರ್ವಿ ಮಾತ್ರ ಮೊದಲ ವಾರವೇ ಕ್ರಾಸ್ ಕಂಟ್ರಿ ಓಟದ ತಂಡ ಸೇರಿ, ಬೆಳಗ್ಗೆ ಐದೂವರೆಗೆ ತಾನಾಗಿಯೇ ಏಳುವ ಹೊಸ ಹುಡುಗಿಯಾದಳು. ಏಳಿಸಿ ಏಳಿಸಿ ಸೋತಿದ್ದ ನನಗೆ ಆ ಶಾಲೆಯ ಮೇಲೆ ಅಷ್ಟಕ್ಕೇ ಅಭಿಮಾನ ಹುಟ್ಟಿತು.

ಇಲ್ಲಿ ಶಾಲೆಯ ಯಾವುದೇ ಆಟಕ್ಕೆ ಸೇರಬೇಕಾದರೆ ವರ್ಷಕ್ಕೊಮ್ಮೆ ಒಂದು ಫಾರ್ಮಿಗೆ ಡಾಕ್ಟರ ಸಹಿ ಬೇಕು. ಎತ್ತರ, ತೂಕ, ಕಣ್ಣು, ಕಿವಿ, ಶ್ವಾಸಕೋಶ, ಹೃದಯ, ಮಂಡಿ, ಪಾದ, ಒಂದರ ಕೆಳಗೊಂದು. ಪ್ರತಿಯೊಂದರ ಮುಂದೆ ‘ನಾರ್ಮಲ್’ ಎಂಬ ಚೌಕ. ಹೃದಯದ ಸಾಲಿನಲ್ಲಿ ಮಾತ್ರ ಸ್ವಲ್ಪ ವಿವರವಿದೆ: ನಿಲ್ಲಿಸಿ ಕೇಳಿ, ಮಲಗಿಸಿ ಕೇಳಿ, ಮರ್ಮರ್, ಅಂದರೆ ಬಡಿತದ ನಡುವೆ ಬೇರೆ ಸದ್ದು, ಇದೆಯೇ ನೋಡಿ ಎಂದು.

ಇದಕ್ಕಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಡಾಕ್ಟರ ಬಳಿ ಹೋಗುವವರು ನಮ್ಮ ಕನ್ನಡದ ಗುಂಪಿನಲ್ಲಿ ಯಾರೂ ಇರಲಿಲ್ಲ. ಯಾಕೆ ಹೋಗಬೇಕು? ಸತ್ಯನಾರಾಯಣ ಪೂಜೆಗೆ ಕರೆದರೆ ಹಾಲಿನಲ್ಲಿ ಏಳು ಜನ ಡಾಕ್ಟರು ಕೂತಿರುತ್ತಾರೆ. ಸಜ್ಜಿಗೆ ತಿಂದು ಕೈ ತೊಳೆದ ಮೇಲೆ ಯಾರಾದರೂ ತಾಯಿ ಬ್ಯಾಗಿನಿಂದ ಮಡಚಿದ ಫಾರ್ಮು ತೆಗೆದು, ‘ಡಾಕ್ಟರ್ ಆಂಟಿ, ಒಂದು ಸೈನ್’ ಎನ್ನುತ್ತಿದ್ದಳು. ನಾನು ಪೆನ್ನು ತೆಗೆದು ಮೇಲಿನಿಂದ ಕೆಳಗಿನವರೆಗೆ ಟಿಕ್ ಹಾಕಿ ಸಹಿ ಮಾಡುತ್ತಿದ್ದೆ. ಆ ಹುಡುಗ ಅಥವಾ ಹುಡುಗಿ ಅದೇ ಹೊತ್ತಿಗೆ ಬೇಸ್‌ಮೆಂಟಿನಲ್ಲಿ ಮೂರನೇ ಸಮೋಸ ತಿನ್ನುತ್ತಾ ಇರುತ್ತಿದ್ದದ್ದು ಆರೋಗ್ಯದ ಲಕ್ಷಣವೆಂದೇ ನನ್ನ ಲೆಕ್ಕ.

ಸ್ವಂತ ಮಗುವಿನ ಫಾರ್ಮಿಗೆ ಸಹಿ ಹಾಕುವುದು ಸರಿಯಲ್ಲ ಎನ್ನುವಷ್ಟು ನೀತಿ ನನ್ನಲ್ಲಿತ್ತು. ಹಾಗಾಗಿ ಗೆಳತಿ ಶಾಹೀನಳ ಜೊತೆ ಒಪ್ಪಂದ. ಶಾಹೀನ ವಿಜಯಪುರದವಳು, ಮನೋವೈದ್ಯೆ, ಅರ್ಧ ಗಂಟೆ ದೂರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮನೆ. ಅವಳ ಮಗ ಜೈದ್ ಅಲ್ಲಿಯ ಹೈಸ್ಕೂಲಿನಲ್ಲಿ ಕುಸ್ತಿ ಆಡುತ್ತಾನೆ. ಪ್ರತಿ ಆಗಸ್ಟಿನಲ್ಲಿ ಒಂದು ಭಾನುವಾರ ಅವಳ ಊಟದ ಮೇಜಿನ ಮೇಲೆ ಚಹಾ, ಮಂಡಕ್ಕಿಯ ಸೂಸಲ, ಎರಡು ಫಾರ್ಮು. ನಾನು ಅವಳ ಮಗನಿಗೆ ಟಿಕ್ ಹಾಕಿದರೆ ಅವಳು ನನ್ನ ಮಗಳಿಗೆ. ದೇಹದ ಚೂರು ನೋಡುವವಳೊಬ್ಬಳು, ಕನಸು ಕೇಳುವವಳೊಬ್ಬಳು, ನಾವಿಬ್ಬರು ಸೇರಿ ಮಕ್ಕಳ ಹೃದಯ ಪಾಸು ಮಾಡುತ್ತಿದ್ದೇವೆ ಎಂದು ನಗುತ್ತಿದ್ದೆವು. ಎರಡು ವರ್ಷ ಹಾಗೆ ನಕ್ಕೆವು.

ಈ ನಡುವೆ ನನಗೆ ಉಸಿರು ಸಾಲದಾಗಿತ್ತು. ಕ್ರಾಸ್ ಕಂಟ್ರಿ ಓಟ ನೋಡಲು ಹೋದವರಿಗೆ ಗೊತ್ತು, ಅದಕ್ಕೆ ಸ್ಟೇಡಿಯಂ ಇಲ್ಲ. ಮಕ್ಕಳು ದೊಡ್ಡ ಪಾರ್ಕಿನೊಳಗೆ ಮೂರು ಮೈಲಿ ಓಡುತ್ತಾರೆ. ಅಪ್ಪ ಅಮ್ಮಂದಿರು ಒಂದು ತಿರುವಿನಲ್ಲಿ ಕೂಗಿ, ಹುಲ್ಲಿನ ಮೇಲೆ ಅಡ್ಡ ಹಾಯ್ದು ಓಡಿ, ಮುಂದಿನ ತಿರುವಿನಲ್ಲಿ ಮತ್ತೆ ಕೂಗುತ್ತಾರೆ. ಮೊದಲ ವರ್ಷ ನಾನೂ ಓಡಿದೆ. ಎರಡನೇ ವರ್ಷ ಓಟ ಮುಗಿಯುವ ಗೆರೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ವಯಸ್ಸು ಐವತ್ತೊಂದು, ಹಾರ್ಮೋನು, ತೂಕ, ಎಂದು ನನಗೆ ನಾನೇ ಮೂರು ಕಾರಣ ಬರೆದುಕೊಟ್ಟುಕೊಂಡೆ. ವಸಂತದಲ್ಲಿ ಚಾರ್ವಿ ಟ್ರ್ಯಾಕ್ ತಂಡದಲ್ಲೂ ಓಡುತ್ತಿದ್ದಳು, ಆ ಮೈದಾನದ ಮೆಟ್ಟಿಲು ಹತ್ತಿ ಕೂತರೆ ಎರಡು ನಿಮಿಷ ಮಾತು ಬರುತ್ತಿರಲಿಲ್ಲ. ಮುರಳಿ ಅದನ್ನು ದೇವರ ಕೃಪೆ ಎಂದು ತಮಾಷೆ ಮಾಡುತ್ತಿದ್ದರು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಾಳೆಯೇ ಕಾರ್ಡಿಯಾಲಜಿಸ್ಟ್ ನೋಡಿ ಎನ್ನುತ್ತಿದ್ದೆ. ನನಗೆ ಒಬ್ಬ ಡಾಕ್ಟರೂ ಇರಲಿಲ್ಲ. ನನ್ನ ರಕ್ತಪರೀಕ್ಷೆ ನಾನೇ ಬರೆದುಕೊಂಡು, ನಾನೇ ನೋಡಿಕೊಂಡು, ಚೆನ್ನಾಗಿದೆ ಎಂದುಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಚಾರ್ವಿಯ ಶಾಲೆಯಿಂದ ಈಮೇಲ್ ಬಂತು. ಮನೆಯಲ್ಲಿ ಇನ್ಶೂರೆನ್ಸ್ ಇಲ್ಲದ ಮಕ್ಕಳಿಗಾಗಿ ಒಂದು ಸಂಜೆ ಶಾಲೆಯ ಜಿಮ್‌ನಲ್ಲೇ ಈ ಪರೀಕ್ಷೆ ಮಾಡುತ್ತಾರೆ, ಡಾಕ್ಟರಾಗಿರುವ ಪಾಲಕರು ದಯವಿಟ್ಟು ಬನ್ನಿ ಎಂದು. ಬರೆದವರು ಆಲ್ಮಾ, ಶಾಲೆಯ ಅಥ್ಲೆಟಿಕ್ ಟ್ರೇನರ್. ಮಕ್ಕಳ ಉಳುಕಿದ ಕಾಲಿಗೆ ಪಟ್ಟಿ ಸುತ್ತುವುದು, ಬಿಸಿಲಿಗೆ ಬಿದ್ದವರನ್ನು ಎಬ್ಬಿಸುವುದು, ಎಲ್ಲ ಅವರ ಕೆಲಸ. ಮೊದಲು ಸೈನ್ಯದಲ್ಲಿ ಶುಶ್ರೂಷೆ ಮಾಡಿದವರು. ಚಾರ್ವಿ ನನ್ನ ಹೆಸರು ಆಗಲೇ ಕೊಟ್ಟುಬಿಟ್ಟಿದ್ದಳು. ನಾನು ಗೊಂಬೆ ಪೆಟ್ಟಿಗೆಯ ಬಳಿ ಹುಡುಕಿ ಸ್ಟೆತಸ್ಕೋಪ್ ತೆಗೆದು, ಒರೆಸಿಕೊಂಡು ಹೋದೆ.

ಜಿಮ್‌ನಲ್ಲಿ ಉದ್ದಕ್ಕೆ ಮೇಜುಗಳು. ಬಾಗಿಲಾಚೆ ಮಕ್ಕಳ ಸಾಲು ಪಾರ್ಕಿಂಗ್ ಲಾಟ್‌ವರೆಗೆ. ಆಲ್ಮಾ ಬಳಿ ಹೋಗಿ, ನಾನು ಎದೆ ಕೇಳಿ ಇಪ್ಪತ್ತು ವರ್ಷದ ಮೇಲಾಯಿತು, ತಪ್ಪು ತಿಳಿಯಬೇಡಿ ಎಂದೆ. ಅವರು ನಕ್ಕು, ಮಕ್ಕಳು ಬರುವ ಮುಂಚೆ ನನ್ನ ಎದೆಯ ಮೇಲೆ ಅಭ್ಯಾಸ ಮಾಡಿಕೊಳ್ಳಿ, ಎಲ್ಲೆಲ್ಲಿ ಇಡಬೇಕು ಎಂದು ಮೊದಲು ನಿಮ್ಮ ಮೇಲೇ ತೋರಿಸುತ್ತೇನೆ ಎಂದರು. ಹಾಗೆ ತೋರಿಸಲು ತಮ್ಮ ಸ್ಟೆತಸ್ಕೋಪನ್ನು ನನ್ನ ಕುರ್ತಾದ ಕತ್ತಿನ ಬಳಿ ಬಲಗಡೆ ಇಟ್ಟರು. ಇಟ್ಟವರು ತೆಗೆಯಲಿಲ್ಲ. ನಾನು ಏನೋ ಹರಟುತ್ತಿದ್ದೆ, ಅವರು ಕೈ ಎತ್ತಿ ಸುಮ್ಮನಿರಲು ಹೇಳಿದರು. ಮುಂದಕ್ಕೆ ಬಾಗಿ, ಉಸಿರು ಹಿಡಿಯಿರಿ ಎಂದರು. ಮತ್ತೆ ಕೇಳಿದರು.

“ಇದು ಎಷ್ಟು ವರ್ಷದಿಂದ ಇದೆ?” ಎಂದರು.

“ಯಾವುದು?” ಎಂದೆ.

ಅವರು ಸ್ಟೆತಸ್ಕೋಪನ್ನು ನನ್ನ ಕಿವಿಗೆ ಹಾಕಿ, ಬಿಲ್ಲೆಯನ್ನು ನನ್ನ ಎದೆಯ ಮೇಲೇ ಹಿಡಿದರು. ಮರದ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ ಸದ್ದು. ಮೆಡಿಕಲ್ ಕಾಲೇಜಿನ ಎರಡನೇ ವರ್ಷದ ಹುಡುಗನಿಗೂ ಗೊತ್ತಾಗುವ ಸದ್ದು ಅದು. ಚಾರ್ವಿ ಹೊಟ್ಟೆಯಲ್ಲಿದ್ದಾಗ ಒಬ್ಬ ಡಾಕ್ಟರು, ಸಣ್ಣ ಮರ್ಮರ್ ಇದೆ, ಬಸುರಿಯರಲ್ಲಿ ಸಾಮಾನ್ಯ, ಆಮೇಲೆ ತೋರಿಸಿಕೊಳ್ಳಿ ಎಂದದ್ದು ಆ ಕ್ಷಣ ನೆನಪಾಯಿತು. ಆಮೇಲೆ ಎನ್ನುವುದು ಹದಿನಾರು ವರ್ಷವಾಗಿತ್ತು. ಆಲ್ಮಾ ನನ್ನನ್ನು ಎದೆ ಕೇಳುವ ಮೇಜಿನಿಂದ ತೆಗೆದು ಎತ್ತರ ಅಳೆಯುವ ಗೋಡೆಯ ಬಳಿ ಕುರ್ಚಿ ಕೊಟ್ಟು ಕೂರಿಸಿದರು. ಆ ಸಂಜೆ ನಾನು ಮಕ್ಕಳ ಅಡಿ, ಇಂಚು ಬರೆದುಕೊಂಡೆ.

ಮುಂದಿನ ವಾರ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಯಿತು. ಕಾರ್ಡಿಯಾಲಜಿಸ್ಟ್ ನನ್ನ ಅಣ್ಣನ ಮಗಳ ವಯಸ್ಸಿನ ಹುಡುಗಿ. ಹೃದಯದಿಂದ ರಕ್ತ ಹೊರಡುವ ಬಾಗಿಲಿಗೆ ಎಲ್ಲರಿಗೂ ಮೂರು ಎಸಳು, ನನಗೆ ಹುಟ್ಟಿನಿಂದಲೂ ಎರಡೇ. ಆ ಎರಡೂ ಸುಣ್ಣ ಕಟ್ಟಿ ಗಟ್ಟಿಯಾಗಿವೆ, ಬಾಗಿಲು ಸರಿಯಾಗಿ ತೆರೆಯುತ್ತಿಲ್ಲ, ಕೆಲವೇ ವಾರಗಳಲ್ಲಿ ಎದೆ ತೆರೆದು ಕವಾಟ ಬದಲಿಸಬೇಕು ಎಂದಳು. ಇಂಥ ಕವಾಟಗಳನ್ನು ನಾನು ಡಬ್ಬಿಯಿಂದ ತೆಗೆದು ಕೈಯಲ್ಲಿ ಹಿಡಿದು ನೋಡಿದವಳು. ಗ್ಲವ್ಸ್ ಹಾಕಿಕೊಂಡ ಬೆರಳಿಗೆ ಅದು ಕಡಲೆ ಸಿಪ್ಪೆಯ ಹಾಗೆ ಒರಟಾಗಿ ತಾಕುತ್ತದೆ. ಅಂಥದ್ದೊಂದು ಇನ್ನೂ ನನ್ನೊಳಗೇ ಬಡಿದುಕೊಳ್ಳುತ್ತಿತ್ತು.

ಆಮೇಲೆ ಅವಳು ಮಕ್ಕಳಿದ್ದಾರೆಯೇ ಎಂದು ಕೇಳಿದಳು. ಒಬ್ಬಳು ಮಗಳು, ಓಡುತ್ತಾಳೆ ಎಂದೆ. ಇದು ಕುಟುಂಬದಲ್ಲಿ ಬರುತ್ತದೆ, ಅವಳಿಗೂ ಎಕೋ ಮಾಡಿಸಬೇಕು, ಅಲ್ಲಿಯವರೆಗೆ ಓಟ ನಿಲ್ಲಿಸಿ ಎಂದಳು. ಶಾಲೆಯ ಕ್ರೀಡಾ ಪರೀಕ್ಷೆಯಲ್ಲಿ ಯಾರಾದರೂ ಅವಳ ಎದೆ ಕೇಳಿರಬೇಕಲ್ಲ ಎಂದಳು. ನಾನು ಪ್ರತಿ ವರ್ಷ ಎಂದೆ. ಅಷ್ಟು ಸುಲಭವಾಗಿ ಸುಳ್ಳು ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಮುರಳಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರು. ಹೊರಗೆ ಬಂದು ಕಾರು ಸ್ಟಾರ್ಟ್ ಮಾಡಿದರು, ಮತ್ತೆ ಆಫ್ ಮಾಡಿದರು.

“ಚಾರ್ವಿ ಎದೆ ಮೇಲೆ ಯಾರಾದ್ರೂ ಯಾವತ್ತಾದ್ರೂ ಸ್ಟೆತಸ್ಕೋಪ್ ಇಟ್ಟಿದಾರಾ?” ಎಂದು ಕೇಳಿದರು.

ಲಸಿಕೆಗಳು ಮುಗಿದ ಮೇಲೆ ಇಲ್ಲ. ಅವಳು ಓಡಲು ಶುರುಮಾಡಿದ ಮೇಲೆ ಒಮ್ಮೆಯೂ ಇಲ್ಲ. ನನ್ನ ಕವಾಟದ ಸುದ್ದಿ ಕೇಳಿದಾಗ ನಾನು ಅತ್ತಿರಲಿಲ್ಲ, ಆ ಕಾರಿನಲ್ಲಿ ಅತ್ತೆ. ಬೇಸಿಗೆಯ ತೊಂಬತ್ತೈದು ಡಿಗ್ರಿ ಫ್ಯಾರನ್ಹೀಟ್ ಬಿಸಿಲಿನಲ್ಲಿ ಅವಳು ಓಡಿ ಬಂದು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದು, ನಾನು ಹೆಮ್ಮೆಯಿಂದ ಫೋಟೋ ತೆಗೆದದ್ದು, ಒಂದೊಂದಾಗಿ ಕಣ್ಣ ಮುಂದೆ ಬಂತು.

ಅವಳಿಗೆ ಆ ಶುಕ್ರವಾರ ಟ್ರ್ಯಾಕ್ ಸೆಕ್ಷನಲ್, ಅಂದರೆ ವಲಯಮಟ್ಟದ ಪಂದ್ಯ, ಇತ್ತು. ರಿಲೇ ತಂಡದಲ್ಲಿ ಮೂರನೆಯವಳು. ಗೆದ್ದರೆ ರಾಜ್ಯಮಟ್ಟಕ್ಕೆ. ನನ್ನ ಆಪರೇಷನ್ ವಿಷಯ ಕೇಳಿ ಅವಳು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಓಡುವಂತಿಲ್ಲ ಎಂದಾಗ ಬಿಟ್ಟಳು. ಫಾರ್ಮಿನಲ್ಲಿ ನಾರ್ಮಲ್ ಎಂದು ಇದೆಯಲ್ಲ ಎಂದಳು. ಆ ಟಿಕ್‌ಗಳ ಕಥೆ ಹೇಳಿದೆವು. ಅವಳು ನನ್ನನ್ನೂ ಅಪ್ಪನನ್ನೂ ನೋಡಿದಳು.

“ಸೋ ನೋಬಡಿ ಚೆಕ್ಡ್,” ಎಂದಳು. ಕೂಗಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಕೂಗಿದ್ದರೆ ವಾಸಿಯಿತ್ತು.

ಮರುದಿನ ನಾನೇ ಶಾಲೆಗೆ ಹೋದೆ. ಆಲ್ಮಾರ ಕೋಣೆಯಲ್ಲಿ ಐಸ್ ಮಷಿನ್ನಿನ ಗದ್ದಲ, ಗೋಡೆಯುದ್ದಕ್ಕೂ ಪಟ್ಟಿಯ ಸುರುಳಿಗಳು. ಚಾರ್ವಿಯ ಫಾರ್ಮು ಸುಳ್ಳು, ಆ ಪರೀಕ್ಷೆ ನಡೆದೇ ಇಲ್ಲ, ದಯವಿಟ್ಟು ಅವಳನ್ನು ಓಟದಿಂದ ತೆಗೆಯಿರಿ ಎಂದೆ. ಲೈಸೆನ್ಸಿಗೆ ತೊಂದರೆಯಾಗಬಹುದು ಎಂದು ಹಿಂದಿನ ರಾತ್ರಿಯೆಲ್ಲ ಹೆದರಿದ್ದೆ, ಹೇಳುವಾಗ ಆ ಭಯ ಇರಲಿಲ್ಲ. ಆಲ್ಮಾ ಫೈಲು ತೆಗೆದರು. ನನ್ನ ಕೈಬರಹದ, ಶಾಹೀನಳ ಕೈಬರಹದ, ನಮ್ಮ ಕನ್ನಡದ ಗುಂಪಿನ ಇನ್ನೂ ಕೆಲವು ಡಾಕ್ಟರರ ಕೈಬರಹದ ಫಾರ್ಮುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದರ ಮೂಲೆಯಲ್ಲಿ ಅರಿಸಿನದ ಬೆರಳಚ್ಚು ಇತ್ತು.

“ನಿಮ್ಮ ಮನೆಗಳಿಂದ ಬರುವ ಮಕ್ಕಳಲ್ಲಿ ಒಬ್ಬರಿಗೂ ಚಪ್ಪಟೆ ಪಾದ ಕೂಡ ಇರುವುದಿಲ್ಲ,” ಎಂದರು. “ಅಷ್ಟು ಆರೋಗ್ಯವಂತ ಮಕ್ಕಳನ್ನು ನಾನು ಎಲ್ಲೂ ನೋಡಿಲ್ಲ.”

ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದೆ. ಡಾಕ್ಟರ ಸಹಿ ಇದ್ದರೆ ನಾನು ಒಪ್ಪಿಕೊಳ್ಳಬೇಕು, ಡಾಕ್ಟರನ್ನು ನಂಬುವುದಿಲ್ಲ ಎನ್ನಲು ಫಾರ್ಮಿನಲ್ಲಿ ಚೌಕವಿಲ್ಲ ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಎದ್ದು ನನಗೆ ಒಂದು ಲೋಟ ನೀರು ಕೊಟ್ಟು, ಇನ್ನೊಂದು ಸಂಜೆ ಒಬ್ಬ ಸರಿಯಾದ ಫ್ಯಾಮಿಲಿ ಡಾಕ್ಟರನ್ನು ಕರೆಸುತ್ತೇನೆ, ಈ ಮಕ್ಕಳನ್ನೆಲ್ಲ ಕಳಿಸುವುದು ನಿಮ್ಮ ಜವಾಬ್ದಾರಿ ಎಂದರು.

ಹಾಗಾಗಿ ಆಪರೇಷನ್ನಿಗೆ ಮುಂಚಿನ ನನ್ನ ಹೊತ್ತು ಕಳೆದದ್ದು ಫೋನಿನಲ್ಲಿ. ನಾನು ಸಹಿ ಹಾಕಿದ್ದ ಮನೆಗಳಿಗೆಲ್ಲ ಒಂದೊಂದಾಗಿ ಕರೆ ಮಾಡಿದೆ. ಕೆಲವರು ನನ್ನ ಆರೋಗ್ಯ ವಿಚಾರಿಸಿ ಸಾರಿನ ಪುಡಿ ಕಳಿಸುವುದಾಗಿ ಹೇಳಿದರೇ ಹೊರತು ಮಗುವನ್ನು ಕಳಿಸುವ ಮಾತೆತ್ತಲಿಲ್ಲ. ಒಬ್ಬರು, ಆಗ ನೀವೇ ನಾರ್ಮಲ್ ಅಂದಿರಿ, ಈಗ ನೀವೇ ಹೆದರಿಸುತ್ತೀರಿ ಎಂದು ಮುನಿಸಿಕೊಂಡರು. ನ್ಯಾಯವಾದ ಮಾತು. ಮತ್ತೆ ಮತ್ತೆ ಕರೆ ಮಾಡಿ ಪೀಡಿಸಿದೆ. ಬಾಲಾಜಿ ದೇವಸ್ಥಾನದ ಕ್ಯಾಂಟೀನಿನಲ್ಲಿ ನನ್ನನ್ನು ಕಂಡರೆ ಜನ ತಟ್ಟೆ ಹಿಡಿದುಕೊಂಡು ಬೇರೆ ಮೇಜಿಗೆ ಹೋಗುವಷ್ಟಾಯಿತು. ಕೊನೆಗೆ ಎಲ್ಲ ಮಕ್ಕಳೂ ಆ ಸಂಜೆ ಜಿಮ್‌ಗೆ ಹೋದರು. ಒಬ್ಬನ ರಕ್ತದೊತ್ತಡ ಜಾಸ್ತಿ ಎಂದು ತಿಳಿಯಿತು, ಇಬ್ಬರಿಗೆ ಚಪ್ಪಟೆ ಪಾದ.

ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿರುವ ನಮ್ಮಣ್ಣನಿಗೂ ಪರೀಕ್ಷೆ ಬೇಕಿತ್ತು. ಅವನು ಡೆಟ್ರಾಯ್ಟಿನ ಕಾರು ಕಂಪನಿಯಲ್ಲಿ ಬ್ರೇಕು ಪರೀಕ್ಷಿಸುವ ಎಂಜಿನಿಯರು. ತನಗೇನೂ ಆಗಿಲ್ಲ, ದಿನಾ ಟ್ರೆಡ್‌ಮಿಲ್ ಮೇಲೆ ಓಡುತ್ತೇನೆ ಎಂದು ವಾದ ಮಾಡಿದ. ನಿನ್ನ ಕಾರುಗಳನ್ನು ಹೀಗೇ ಹೇಳಿ ರಸ್ತೆಗೆ ಬಿಡುತ್ತೀಯಾ ಎಂದಾಗ ಹೋದ. ಮೂರು ಎಸಳಿನ ವರದಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ, ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವನಂತೆ ಮೆರೆದ.

ಶಾಹೀನ ಸುದ್ದಿ ಕೇಳಿದ ಸಂಜೆಯೇ ಬಂದಿದ್ದಳು. ಜೈದ್‌ನನ್ನು ಮರುದಿನವೇ ತೋರಿಸುವುದಾಗಿ ಹೇಳಿದಳು. ಅವನು ಚೆನ್ನಾಗಿಯೇ ಇದ್ದ, ನನ್ನ ಪುಣ್ಯ. ಚಹಾ ಕುಡಿಯಲಿಲ್ಲ, ಸೋಫಾದ ಅಂಚಿನಲ್ಲಿ ಕೂತು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು.

“ಇಬ್ರೂ ಡಾಕ್ಟರ್ ಅದೀವಿ,” ಎಂದಳು. “ಒಬ್ರೂ ಹುಡುಗಿ ಎದಿಗಿ ಕಿವಿ ಹಚ್ಚಲಿಲ್ಲ.”

ಚಾರ್ವಿಗೆ ಮಕ್ಕಳ ಹೃದ್ರೋಗ ತಜ್ಞರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಜೂನ್ ನಡುವಿಗೆ. ಆ ದಿನಗಳಷ್ಟು ಉದ್ದದ ದಿನಗಳನ್ನು ನಾನು ಕಂಡಿಲ್ಲ. ಸೆಕ್ಷನಲ್‌ನಲ್ಲಿ ಅವಳ ಜಾಗದಲ್ಲಿ ಇನ್ನೊಬ್ಬಳು ಓಡಿದಳು. ತಂಡ ಒಂದು ಸೆಕೆಂಡಿನ ಅಂತರದಲ್ಲಿ ಸೋತಿತು. ಬೇಸಿಗೆಯ ಅಭ್ಯಾಸ ಶುರುವಾದ ಮೇಲೆ ಚಾರ್ವಿ ದಿನಾ ಬೆಳಗ್ಗೆ ಶಾಲೆಗೆ ಹೋಗಿ, ಬೇರೆಯವರು ಓಡುವಾಗ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದಳು. ಮನೆಗೆ ಬಂದು ಬೆವರದ ಬಟ್ಟೆಯನ್ನೇ ಒಗೆಯಲು ಹಾಕುತ್ತಿದ್ದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಊಟಕ್ಕೆ ಕೂತಾಗ ನಾನು ಅವಳ ಕತ್ತಿನ ನಾಡಿ ಬಡಿಯುವುದನ್ನು ಕದ್ದು ನೋಡುತ್ತಿದ್ದೆ. ಬೇಸ್‌ಮೆಂಟಿನ ಸ್ಟೆತಸ್ಕೋಪ್ ಈಗ ನನ್ನ ಹಾಸಿಗೆಯ ಪಕ್ಕದಲ್ಲಿತ್ತು. ಕೇಳಲೇ ಎಂದು ಅವಳನ್ನು ಕೇಳುವ ಧೈರ್ಯ ಬರಲಿಲ್ಲ. ಏನಾದರೂ ಕೇಳಿಸಿದರೆ ಎಂಬ ಭಯ ಒಂದು ಕಡೆ, ಕೇಳಿಸದಿದ್ದರೆ ನನ್ನ ಕಿವಿಯನ್ನು ನಾನೇ ನಂಬಲಾರೆ ಎಂಬ ಭಯ ಇನ್ನೊಂದು ಕಡೆ.

ಅಷ್ಟರಲ್ಲಿ ಶಿಕಾಗೋದ ಸರ್ಜನ್‌ರ ಪಟ್ಟಿಯಲ್ಲಿ ಜಾಗ ತೆರವಾಗಿ ನನ್ನ ಆಪರೇಷನ್ ಮುಂಚಿತವಾಯಿತು. ಚಾರ್ವಿಯ ಎಕೋ ಅದರ ಮೂರನೆಯ ದಿನಕ್ಕೆ ಬಿತ್ತು. ಮುರಳಿ ಎರಡರಲ್ಲಿ ಒಂದನ್ನು ಮುಂದೆ ಹಾಕೋಣ ಎಂದರು. ಅವರು ಒಬ್ಬರೇ ಎರಡು ಕಡೆ ಇರಲು ಸಾಧ್ಯವಿಲ್ಲ, ನಿಜ. ಶಾಹೀನ ಒಪ್ಪಲಿಲ್ಲ.

“ತಾರೀಖು ಬದಲಿ ಮಾಡಬ್ಯಾಡ್ರಿ. ಅಕಿನ್ನ ನಾ ಕರ್ಕೊಂಡ್ ಹೋಗ್ತೀನಿ. ಆ ಸಹಿ ನಂದದ,” ಎಂದಳು.

ಆಪರೇಷನ್ನಿಗೆ ಮುಂಚಿನ ಪರೀಕ್ಷೆಗಳಿಗೆ ಅರೋರಾದಿಂದ ರೈಲಿನಲ್ಲಿ ಹೋಗಿ ಬಂದೆವು. ಆ ಆಸ್ಪತ್ರೆಯ ವೇಟಿಂಗ್ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಮೀನಿನ ತೊಟ್ಟಿ ನೋಡುತ್ತಾರೆ. ಒಬ್ಬ ಮುದುಕ ಮಾತ್ರ ನನ್ನ ಪಕ್ಕ ಕೂತು, ತನ್ನ ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಹಳೆಯ ಗಾಯದ ಗೆರೆ ತೋರಿಸಿ, ಹನ್ನೆರಡು ವರ್ಷವಾಯಿತು, ಕೆಮ್ಮುವಾಗ ಮಾತ್ರ ದಿಂಬು ತಬ್ಬಿಕೋ ಎಂದು ಹೇಳಿ ಗುಂಡಿ ಹಾಕಿಕೊಂಡ. ಎಷ್ಟೋ ಸ್ಪೆಷಲಿಸ್ಟುಗಳು ಹೇಳಿದ್ದಕ್ಕಿಂತ ಅದು ನನಗೆ ಹೆಚ್ಚು ಧೈರ್ಯ ಕೊಟ್ಟಿತು. ನನಗೆ ಸಾಯುವ ಭಯ ಇತ್ತು, ಮುಚ್ಚಿಡುವುದೇನು. ಅದಕ್ಕಿಂತ ಹೆಚ್ಚಾಗಿ, ಮಗಳ ಎದೆಯಲ್ಲಿ ಏನಿದೆ ಎಂದು ತಿಳಿಯದೆ ಹೋಗಿಬಿಡುತ್ತೇನೆ ಎನ್ನುವ ಭಯ ಇತ್ತು. ಅರಿವಳಿಕೆ ಕೊಡುವವರು ಏನಾದರೂ ಒಳ್ಳೆಯದನ್ನು ಯೋಚಿಸಿ ಎಂದಾಗ ನಾನು ಯೋಚಿಸಿದ್ದು ಮೂರು ಎಸಳಿನ ಒಂದು ಕವಾಟವನ್ನು.

ಆಮೇಲಿನ ಬದುಕಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನನ್ನದು ಲೋಹದ ಕವಾಟ. ಸದ್ದಿಲ್ಲದ ಕೋಣೆಯಲ್ಲಿ ಟಿಕ್ ಟಿಕ್ ಎನ್ನುತ್ತದೆ. ಮೊದಲ ವಾರ ತಲೆ ಕೆಟ್ಟಿತು, ಈಗ ಅದು ಕೇಳಿಸಿದರೇ ನಿದ್ದೆ. ರಕ್ತ ತೆಳುವಾಗಿಸುವ ಮಾತ್ರೆ ಇರುವುದರಿಂದ ಸೊಪ್ಪನ್ನು ದಿನಾ ಒಂದೇ ಅಳತೆಯಲ್ಲಿ ತಿನ್ನಬೇಕು. ಮೈಸೂರಿನವಳಿಗೆ ಮೆಂತ್ಯ ಸೊಪ್ಪನ್ನು ಕಪ್ಪಿನಲ್ಲಿ ಅಳೆಯುವುದು ಶಿಕ್ಷೆಯೇ, ಅಭ್ಯಾಸವಾಯಿತು. ತೆಗೆದ ಕವಾಟ ನನ್ನ ವಿಭಾಗದಂಥದ್ದೇ ಇನ್ನೊಂದು ವಿಭಾಗಕ್ಕೆ ಡಬ್ಬಿಯಲ್ಲಿ ಹೋಯಿತು. ಯಾರೋ ಅಳೆದು, ನನ್ನ ಹಾಗೇ ಎರಡು ಸಾಲು ಬರೆದು ಸಹಿ ಹಾಕಿದರು. ಅವರು ನಿಜವಾಗಿ ನೋಡಿಯೇ ಹಾಕಿದ್ದರು ಎಂದು ನಂಬಿದ್ದೇನೆ. ಈ ಸಲದ ಕ್ರಾಸ್ ಕಂಟ್ರಿಯಲ್ಲಿ ನಾನು ಒಂದು ತಿರುವಿನಿಂದ ಇನ್ನೊಂದು ತಿರುವಿಗೆ, ಓಡಲಿಲ್ಲವಾದರೂ, ಜೋರಾಗಿ ನಡೆದೆ.

ಆದರೆ ನಾನು ಇಷ್ಟೆಲ್ಲ ಬರೆಯಲು ಕೂತದ್ದು ಆ ಮೂರನೆಯ ದಿನಕ್ಕಾಗಿ.

ಆ ಬೆಳಗ್ಗೆ ನನ್ನನ್ನು ಐಸಿಯುವಿನಿಂದ ಕಿಟಕಿಯಿರುವ ಕೋಣೆಗೆ ತಂದಿದ್ದರು. ಎದೆಯಿಂದ ಒಂದು ಕೊಳವೆ ತೆಗೆದಾಗಿತ್ತು, ಇನ್ನೊಂದು ಇತ್ತು. ಮುರಳಿ ಕುರ್ಚಿಯಲ್ಲಿ ಕೂತು ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಹತ್ತು ಗಂಟೆಗೆ ಚಾರ್ವಿಯ ಅಪಾಯಿಂಟ್‌ಮೆಂಟ್. ಹತ್ತೂವರೆಗೆ ನರ್ಸ್ ಬಂದು ನಡೆಯೋಣ ಎಂದರು. ಹನ್ನೊಂದಕ್ಕೆ ಕರೆ ಬರುತ್ತದೆ, ಆಮೇಲೆ ನಡೆಯುತ್ತೇನೆ ಎಂದೆ. ಹನ್ನೊಂದಾಯಿತು. ಹನ್ನೊಂದೂಕಾಲು. ಕೆಟ್ಟ ಸುದ್ದಿ ಆದರೆ ಡಾಕ್ಟರು ಮಾತಾಡಲು ಒಳಗೆ ಕರೆದು ಕೂರಿಸುತ್ತಾರೆ, ಅದಕ್ಕೇ ತಡ ಎಂದು ಲೆಕ್ಕ ಹಾಕಿದೆ. ಮುರಳಿಯೂ ಅದೇ ಲೆಕ್ಕ ಹಾಕುತ್ತಿದ್ದರು, ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಹನ್ನೊಂದೂವರೆಗೆ ಫೋನು ಬಂತು. ಅವರು ಸ್ಪೀಕರಿಗೆ ಹಾಕಲು ಹೋಗಿ ಕಟ್ ಮಾಡಿದರು. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ನಾನು ಅವರನ್ನು ಅಷ್ಟು ಕೆಟ್ಟದಾಗಿ ಎಂದೂ ಬೈದಿರಲಿಲ್ಲ. ಬೈದದ್ದಕ್ಕೆ ಎದೆ ಮೂಳೆ ನೊಂದು ದಿಂಬು ತಬ್ಬಿಕೊಂಡೆ. ಮತ್ತೆ ಬಂತು.

“ಥ್ರೀ, ಅಮ್ಮಾ,” ಎಂದಳು ಚಾರ್ವಿ. “ಐ ಹ್ಯಾವ್ ಥ್ರೀ.”

ಮುರಳಿ ಗೋಡೆಯ ಕಡೆ ತಿರುಗಿಕೊಂಡರು. ಅವಳೇ ಹೇಳುತ್ತಾ ಹೋದಳು. ಡಾಕ್ಟರು ಪರದೆಯ ಮೇಲೆ ತೋರಿಸಿದರಂತೆ, ಮೂರೂ ಸೇರಿ ತೆರೆಯುವುದನ್ನು, ಮುಚ್ಚುವುದನ್ನು. ತಡವಾದದ್ದಕ್ಕೆ ಕಾರಣ, ಶಾಹೀನ್ ಆಂಟಿ ಅದನ್ನು ಮತ್ತೊಮ್ಮೆ ತೋರಿಸಿ, ಮತ್ತೊಮ್ಮೆ ತೋರಿಸಿ ಎಂದು ಡಾಕ್ಟರನ್ನು ಬಿಡಲೇ ಇಲ್ಲವಂತೆ. ಈಗ ಆಂಟಿ ಪಾರ್ಕಿಂಗ್ ಲಾಟ್‌ನಲ್ಲಿ ಅಳುತ್ತಿದ್ದಾರೆ, ತಾನು ಕಾರಿನೊಳಗೆ ಎಸಿ ಹಾಕಿಕೊಂಡು ಕೂತಿದ್ದೇನೆ ಎಂದಳು. ಮಷಿನ್ನಿಗೆ ಮುಂಚೆ ಡಾಕ್ಟರು ಎದೆ ಕೇಳಿದರು, ಕೂರಿಸಿ ಕೇಳಿದರು, ನಿಲ್ಲಿಸಿ ಕೇಳಿದರು, ಮಲಗಿಸಿ ಕೇಳಿದರು, ತುಂಬಾ ಹೊತ್ತು ಕೇಳಿದರು ಎಂದಳು.

ನಾನು ತಪ್ಪಾಯಿತು ಎಂದೆ. ಈ ಮೂರು ವಾರ ಅವಳಿಗೆ ಎಲ್ಲ ವಿವರಿಸಿದ್ದೆ, ನಮ್ಮ ಜನರ ಅಭ್ಯಾಸ ಹೇಳಿದ್ದೆ, ಎಲ್ಲರೂ ಹೀಗೇ ಮಾಡುತ್ತಾರೆ ಎಂದಿದ್ದೆ. ಈ ಒಂದು ಮಾತು ಮಾತ್ರ ಹೇಳಿರಲಿಲ್ಲ. ಕಾರಿನ ಎಸಿಯ ಸದ್ದಿನ ನಡುವೆ, ಐ ನೋ, ಅಮ್ಮಾ ಎಂದಳು.

ಸಂಜೆ ಐದಕ್ಕೆ ತಂಡದವರು ನದಿಯ ದಂಡೆಯಲ್ಲಿ ನಾಲ್ಕು ಮೈಲಿ ಓಡುತ್ತಾರೆ ಎಂದಳು. ಡಾಕ್ಟರ ಕಾಗದ ಆಲ್ಮಾಗೆ ಆಗಲೇ ಹೋಗಿದೆ. ಕೋಚ್ ಸರಿ ಎಂದಿದ್ದಾರೆ. ಎಲ್ಲರೂ ಸರಿ ಎಂದಮೇಲೂ ಅವಳು ಫೋನು ಇಡಲಿಲ್ಲ.

“ಕ್ಯಾನ್ ಐ ರನ್?” ಎಂದು ನನ್ನನ್ನು ಕೇಳಿದಳು.

ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಂಡು, “ಓಡು ಪುಟ್ಟಿ,” ಎಂದೆ.